ಘಾಟಿಲ್ಲದ ಕೋಪ

ಘಾಟ್ಕೋಪರ್ ಎಂಬ ಹೆಸರು ಮೊದಲ ಸಲ ಕಿವಿಗೆ ಬಿದ್ದಾಗಲೇ ಅದು ಕನ್ನಡದವರು ಕಟ್ಟಿದ ಊರಿರಬೇಕು ಅನ್ನಿಸಿತ್ತು ನನಗೆ. ಮೆಣಸಿನಕಾಯಿ ಹುರಿದಾಗ ಏಳುವುದು ಘಾಟು. ಅದು ಮೂಗಿಗೇರಿದ ಮೇಲೆ ಅಡುಗೆಮನೆಯಿಂದ ಹೊರಬೀಳುವುದು ಕೋಪ. ಎರಡನ್ನೂ ಕೂಡಿಸಿ ಊರಿಗೆ ಹೆಸರಿಟ್ಟವರು ನಮ್ಮ ಧಾರವಾಡದ ಕಡೆಯವರೇ ಸೈ ಎಂದು ಮಗಳ ಮದುವೆಯ ಮಾತುಕತೆಯ ದಿನ ಬೀಗರ ಎದುರಿಗೆ ಹೇಳಿಬಿಟ್ಟೆ. ಬೀಗರು ನಗಲಿಲ್ಲ. ಆದರೂ ಸಂಬಂಧ ಕೂಡಿಬಂತು. ಅದಕ್ಕೆ ನನ್ನ ಹಾಸ್ಯ ಕಾರಣವಲ್ಲ ಎಂದು ನನ್ನಾಕೆ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ.

ಆ ಮಾತಾಡಿ ಹನ್ನೆರಡು ವರ್ಷ ಕಳೆದವು. ಹೋದ ಡಿಸೆಂಬರಿನಲ್ಲಿ ಅದೇ ಘಾಟ್ಕೋಪರಿನಲ್ಲಿ ಕೂತು, ಘಾಟಿನ ಸುಳಿವೇ ಇಲ್ಲದ ಊಟ ಉಂಡು, ಬರೀ ಕೋಪವನ್ನು ಕಟ್ಟಿಸಿಕೊಂಡು ಬಂದೆ. ಕಟ್ಟಿಕೊಟ್ಟವರು ಯಾರು ಎಂಬುದು ಕೊನೆಗೆ ಗೊತ್ತಾಯಿತು. ಆ ಕಥೆ ಇದು.

ಇದಕ್ಕೆಲ್ಲ ಮೂಲ ಡಲ್ಲಾಸ್ ರಾಯರು. ಅವರ ನಿಜವಾದ ಹೆಸರು ಬೇರೆ. ಟೆಕ್ಸಸ್‌ನಲ್ಲಿರುವ ಮಗನ ಮನೆಯಲ್ಲಿ ಆರು ತಿಂಗಳು ಇದ್ದು ಬಂದ ಮೇಲೆ ಕೆಸಿಡಿ ಮೈದಾನದ ನಮ್ಮ ವಾಕಿಂಗ್ ಬಳಗ ಅವರಿಗೆ ಈ ಬಿರುದು ಕೊಟ್ಟಿತು. ಮೈದಾನಕ್ಕೆ ನಾಲ್ಕು ಸುತ್ತು ಹಾಕುವುದರೊಳಗೆ ಅವರ ಬಾಯಿಂದ ಎರಡು ಬುರಿಟೋ, ಒಂದು ಟಾಕೋ ಬೀಳಲೇಬೇಕು. ಐದನೆಯ ಸುತ್ತಿಗೆ ಗ್ವಾಕಮೋಲೆ.

“ಮೆಕ್ಸಿಕನ್ ಖಾರ ಅಂದ್ರ ಖಾರರೀ. ನಮ್ಮ ಬ್ಯಾಡಗಿ ಅದರ ಮುಂದ ತೊಟ್ಟಿಲ ಕೂಸು,” ಅಂದರು ಒಂದು ದಿನ.

ನನಗೆ ತಡೆಯಲಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ, ಗೊತ್ತೇನು ಎಂದೆ.

“ಸಿಕ್ಕಿರಲಿ. ಅದಕ್ಕ ಹೆಸರಿರೋದು ಬಣ್ಣಕ್ಕ, ಖಾರಕ್ಕಲ್ಲ,” ಅಂದು ರಾಯರು ಮುಂದೆ ಹೋದರು. ಮಾತು ನಿಜವಾಗಿದ್ದರಿಂದ ಹೆಚ್ಚು ಉರಿಯಿತು.

ಅಮೆರಿಕಕ್ಕೆ ಕರೆಸಿಕೊಳ್ಳುವ ಮಗ ನನಗಿಲ್ಲ. ಇರುವವಳು ಘಾಟ್ಕೋಪರಿನ ಮಗಳು. ಆ ಊರಿನಲ್ಲಿ ಮೆಕ್ಸಿಕನ್ ಹೋಟೆಲು ಉಂಟೇ ಎಂದು ಫೋನಿನಲ್ಲಿ ಕೇಳಿದೆ. “ಇಲ್ಲೆ ಏನಿಲ್ಲಪ್ಪಾ? ಬಾ ನೀ,” ಅಂದಳು. ಅಂದೇ ಟಿಕೆಟ್ ತೆಗೆಸಿದೆ. ಮಗಳನ್ನು ನೋಡಬೇಕು ಅನ್ನಿಸಿದೆ ಎಂದು ಮನೆಯಲ್ಲಿ ಹೇಳಿದೆ.

ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ದುಡಿದವನು ತಯಾರಿಯಿಲ್ಲದೆ ಯಾವ ಕೆಲಸಕ್ಕೂ ಕೈ ಹಾಕುವುದಿಲ್ಲ. ಒಂದು ನೋಟ್‌ಬುಕ್ ಮಾಡಿದೆ. ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆಯನ್ನು ಯುನೆಸ್ಕೋ 2010ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು ಎಂದು ಮೊದಲ ಪುಟದಲ್ಲಿ ಬರೆದುಕೊಂಡೆ. ಅವರ ರೊಟ್ಟಿ ಟೋರ್ಟಿಯಾ. ಅದಕ್ಕೆ ಗೋವಿನಜೋಳವನ್ನು ಸುಣ್ಣದ ನೀರಿನಲ್ಲಿ ಕುದಿಸಿ, ಸಿಪ್ಪೆ ಸಡಿಲಾದ ಮೇಲೆ ತೊಳೆದು, ರುಬ್ಬಿ, ತಟ್ಟಿ, ಹೆಂಚಿನ ಮೇಲೆ ಬೇಯಿಸುತ್ತಾರೆ. ಎಲೆ ಅಡಿಕೆಗೆ ಬಿಟ್ಟು ಬೇರೆ ಯಾವುದಕ್ಕೂ ಸುಣ್ಣ ಮುಟ್ಟದ ನಮಗೆ ಇದು ವಿಚಿತ್ರ ಕಾಣಬಹುದು. ಆದರೆ ಹಾಗೆ ಕುದಿಸಿದರೇ ಜೋಳದೊಳಗಿನ ಒಂದು ಜೀವಸತ್ವ ಮೈಗೆ ಹತ್ತುತ್ತದೆ. ಅವರ ಹಲಪೀನ್ಯೊ ಮೆಣಸಿನಕಾಯಿಯ ಖಾರ, ಅಳತೆಗಾರರ ಲೆಕ್ಕದಲ್ಲಿ, 2,500ರಿಂದ 8,000 ಸ್ಕೋವಿಲ್. ಈ ಅಂಕಿ ನೋಡಿ ಹೆದರಿ ಔಷಧಿ ಅಂಗಡಿಗೆ ಹೋಗಿ ಹೊಟ್ಟೆಯುರಿಗೆ ಎರಡು ಪಟ್ಟಿ ಗುಳಿಗೆ ತಂದಿಟ್ಟುಕೊಂಡೆ. ಅವು ಹಾಗೆಯೇ ಸೀಲು ಒಡೆಯದೆ ವಾಪಸು ಬಂದವು ಎಂಬಲ್ಲಿಗೆ ಕಥೆ ಅರ್ಧ ಹೇಳಿದಂತಾಯಿತು.

ಊಟದ ವಿಷಯದಲ್ಲಿ ನಾನು ತಕರಾರಿನ ಮನುಷ್ಯನಲ್ಲ. ಪಲ್ಯ ಯಾವುದಾದರೂ ಆದೀತು, ಸಾರು ನಿನ್ನೆಯದಾದರೂ ಆದೀತು. ತಾಟಿನ ಬದಿಗೆ ಮುಷ್ಟಿಯಿಂದ ಗುದ್ದಿ ಒಡೆದ ಒಂದು ಉಳ್ಳಾಗಡ್ಡಿ ಇರಬೇಕು, ಅಷ್ಟೇ. ಅದಿಲ್ಲದ ದಿನ ನನ್ನ ಪಾಲಿಗೆ ಏಕಾದಶಿ.

ಹುಬ್ಬಳ್ಳಿಯಿಂದ ರಾತ್ರಿ ರೈಲು ಹತ್ತಿ ಬೆಳಗ್ಗೆ ದಾದರಿನಲ್ಲಿಳಿದು ಸ್ಲೋ ಲೋಕಲ್ ಹಿಡಿದೆವು. ಮೊದಲ ನಿಲ್ದಾಣವೇ ಮಾಟುಂಗ. ನನ್ನಾಕೆ ಕಿಟಕಿಯಿಂದ ಹೊರಗೆ ನೋಡಿದಳು. ಮಾಟುಂಗ ಅಂದರೆ ಮುಂಬೈ ಕನ್ನಡಿಗರ ತವರು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇಲ್ಲಿದೆ. ಸ್ಟೇಷನ್ನಿನ ಪಕ್ಕದಲ್ಲೇ 1942ರಿಂದ ಉಡುಪಿ ಊಟ ಬಡಿಸುತ್ತಿರುವ ರಾಮ ನಾಯಕರ ಬೋರ್ಡಿಂಗ್ ಇದೆ. ಇದನ್ನೆಲ್ಲ ಅವಳಿಗೆ ಹೇಳಿದವನು ನಾನೇ.

“ಇಲ್ಲೇ ಇಳಿದು ಒಂದ್ ಪ್ಲೇಟ್ ಇಡ್ಲಿ ತಿಂದು ಹೋಗೂಣೇನ್ರಿ?”

“ಇಡ್ಲಿ ತಿನ್ನಲಿಕ್ಕೆ ಮುಂಬೈತನಕ ಬರಬೇಕಿತ್ತೇನು?” ಅಂದೆ.

ಈ ವಾಕ್ಯವನ್ನು ಮುಂದಿನ ಮೂರು ದಿನಗಳಲ್ಲಿ ನನ್ನಾಕೆ ನನಗೆ ಹನ್ನೊಂದು ಸಲ ಬಡ್ಡಿಸಮೇತ ಹಿಂದಿರುಗಿಸಿದಳು. ಸಾಯನ್, ಕುರ್ಲಾ, ವಿದ್ಯಾವಿಹಾರ ದಾಟಿ ಘಾಟ್ಕೋಪರ್ ಬಂತು. ಅಲ್ಲಿ ನಾವು ಇಳಿಯಲಿಲ್ಲ. ಜನ ನಮ್ಮನ್ನು ಇಳಿಸಿದರು.

ಎರಡನೆಯ ದಿನ ಸಂಜೆ ಮುಹೂರ್ತ. ಮಗಳು ಅಳಿಯ ಇಬ್ಬರದೂ ಅಂಧೇರಿಯಲ್ಲಿ ಆಫೀಸು. ಅವರು ನೇರ ಹೋಟೆಲಿಗೇ ಬರುವುದು, ನಾವಿಬ್ಬರು ಮೊಮ್ಮಗನನ್ನು ಕರೆದುಕೊಂಡು ಮುಂದಾಗಿ ಹೋಗಿ ಜಾಗ ಹಿಡಿಯುವುದು ಎಂದು ಮಾತಾಯಿತು. 2014ರ ಜೂನ್ 8ರಂದು ವರ್ಸೋವಾದಿಂದ ಘಾಟ್ಕೋಪರಿಗೆ ಮೆಟ್ರೋ ಶುರುವಾಗಿದೆ. 11.4 ಕಿಲೋಮೀಟರು, 12 ನಿಲ್ದಾಣ, ಈ ತುದಿಯಿಂದ ಆ ತುದಿಗೆ 21 ನಿಮಿಷ. ಆದರೆ ಮೆಟ್ರೋದಿಂದ ಇಳಿದವರು ಸೇತುವೆ ದಾಟಿ ರಸ್ತೆಗೆ ಮುಟ್ಟಲು ಎಷ್ಟು ನಿಮಿಷ ಎಂಬುದು ಯಾವ ಪಟ್ಟಿಯಲ್ಲೂ ಇಲ್ಲ. ಆ ಲೆಕ್ಕವಿಲ್ಲದ ನಿಮಿಷಗಳಲ್ಲೇ ನನ್ನ ಗ್ರಹಚಾರ ಕೂತಿತ್ತು.

ಹೋಟೆಲಿನ ದಾರಿ ಖಾವು ಗಲ್ಲಿಯ ಬಾಯಿಂದಲೇ ಹಾಯುತ್ತಿತ್ತು. ಘಾಟ್ಕೋಪರ್ ಪೂರ್ವದಲ್ಲಿ ಗುಜರಾತಿಗಳು, ಕಚ್ಛಿಗಳು ಹೆಚ್ಚು. ತಿನ್ನುವುದನ್ನು ಭಕ್ತಿಯಿಂದ ಮಾಡುವ ಜನ. ಸಂಜೆಯಾದರೆ ಆ ಗಲ್ಲಿಯ ಹಂಚುಗಳ ಮೇಲೆ ನಮ್ಮ ದೋಸೆಗೆ ಆಗುವ ಸಂಸ್ಕಾರಗಳನ್ನು ನಿಂತು ನೋಡಬೇಕು. ಹಿಟ್ಟು ಹರಡಿ, ಅದರ ಮೇಲೆ ಬೆಣ್ಣೆಯ ಇಟ್ಟಿಗೆಯನ್ನೇ ಇಟ್ಟು, ಡೊಣ್ಣಮೆಣಸಿನಕಾಯಿ, ಎಲೆಕೋಸು ಸುರಿದು, ಚೀಸನ್ನು ಹಿಮಾಲಯದಂತೆ ತುರಿದು, ಸುರುಳಿ ಸುತ್ತಿ, ಕತ್ತರಿಸಿ ನಿಲ್ಲಿಸಿದರೆ ಅದು ಜಿನಿ ಡೋಸಾ. ಪಾವ್‌ಭಾಜಿ ಡೋಸಾ ಉಂಟು, ಚಾಕಲೇಟ್ ಡೋಸಾ ಉಂಟು. ಬೋರ್ಡಿನ ಕೊನೆಯಲ್ಲಿ ಮೆಕ್ಸಿಕನ್ ಡೋಸಾ ಸಹ ಇತ್ತು. ಪಕ್ಕದ ಫರ್ಸಾಣ್ ಅಂಗಡಿಯಲ್ಲಿ ಮೆಂತ್ಯದ ಖಾಖರಾದ ಮಗ್ಗುಲಿಗೆ ಮೆಕ್ಸಿಕನ್ ಖಾಖರಾ.

“ಅಜ್ಜಾ, ಇಲ್ಲೇ ಜಿನಿ ಡೋಸಾ ತಿನ್ನೋಣ ನಾ,” ಎಂದ ಹತ್ತು ವರ್ಷದ ಮೊಮ್ಮಗ.

“ಹಂಚಿನ ಮುಂದ ಘಮ ಬರ್ಲಿಕತ್ತದ. ಹುಡುಗ ಖರೇನ ಹೇಳ್ತಾನ,” ಎಂದಳು ಅಜ್ಜಿ.

ಇವೆಲ್ಲ ನಕಲಿ, ಅಸಲಿ ಮುಂದಿದೆ ಎಂದು ಇಬ್ಬರ ಕೈಯನ್ನೂ ಹಿಡಿದೆಳೆದೆ. ಮೂಗು ಮಾತ್ರ ನನ್ನನ್ನು ಕೇಳದೆ ಗಲ್ಲಿಯಲ್ಲೇ ಉಳಿಯಿತು.

ಹೋಟೆಲು ಒಳಗೆ ತಂಪಾಗಿತ್ತು. ಗೋಡೆಯ ಮೇಲೆ ಎತ್ತಿನ ಬಂಡಿಯ ಗಾಲಿಯಷ್ಟು ಅಗಲದ ಟೊಪ್ಪಿಗೆ, ಗಿಟಾರು, ಮೀಸೆಯ ಗಂಡಸರು, ಎದೆಯೆತ್ತರದ ಕಳ್ಳಿಗಿಡದ ಚಿತ್ರ.

“ನಮ್ಮ ಹೊಲದ ಬದುವಿನ ಪಾಪಸುಕಳ್ಳಿನ್ನ ಇಲ್ಲಿ ಗ್ವಾಡಿ ಮ್ಯಾಲ ಬರದಾರ ನೋಡ್ರಿ. ನಮ್ಮಲ್ಲೆ ಕಡದು ಒಗೀತೀವಿ.”

ಪಾಪಸುಕಳ್ಳಿಯ ಮೂಲ ಮೆಕ್ಸಿಕೋ ಕಡೆಯದೇ, ಅವರ ಬಾವುಟದಲ್ಲಿ ಹದ್ದು ಕೂತಿರುವುದೂ ಅದರ ಮೇಲೆಯೇ ಎಂದು ತಿಳಿಸಿದೆ. ತಿಳಿಸುವ ಹುರುಪು ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಅಷ್ಟರಲ್ಲಿ ಮಗಳ ಫೋನು: ಸೇತುವೆಯ ಮೇಲೆ ಗದ್ದಲ, ತಡವಾಗುತ್ತದೆ, ನೀವು ಆರ್ಡರ್ ಕೊಟ್ಟುಬಿಡಿ. ಮೊಮ್ಮಗ ಅಜ್ಜಿಯ ಫೋನಿನಲ್ಲಿ ಆಟಕ್ಕೆ ಕೂತಿದ್ದ. ಹೀಗಾಗಿ ಮೇಜಿನ ಪೂರ್ಣಾಧಿಕಾರ ನನ್ನ ಕೈಗೆ ಬಂತು.

ನಾಚೋಸ್ ಹೇಳಿದೆ. ಸಾಲ್ಸಾ, ಗ್ವಾಕಮೋಲೆ ಹೇಳಿದೆ. ಬುರಿಟೋ ಎರಡು, ಕೆಸಡಿಯಾ ಒಂದು. ಹೆಸರುಗಳನ್ನು ಸರಿಯಾಗಿ ಉಚ್ಚರಿಸಿದೆನೆಂಬ ಹೆಮ್ಮೆಗೆ ಕಾಗದದ ಮೇಲೆ ಬೆರಳಿಟ್ಟು ತೋರಿಸುವುದನ್ನೂ ಬಿಟ್ಟೆ. ಎಲ್ಲವನ್ನೂ ಬರೆದುಕೊಂಡ ಹುಡುಗ ಪೆನ್ನೆತ್ತಿ ಕೊನೆಯದಾಗಿ ಒಂದೇ ಶಬ್ದ ಕೇಳಿದ:

“ಜೈನ್, ಕಾಕಾ?”

ಬುದ್ಧಿ ನೆಟ್ಟಗಿದ್ದವನು ಇಲ್ಲಿ ‘ಹಾಂ’ ಅನ್ನುತ್ತಾನೆ, ಇಲ್ಲವೇ ‘ನಹೀ’ ಅನ್ನುತ್ತಾನೆ. ನಾನು ಆ ಪ್ರಶ್ನೆಯನ್ನು ಇತಿಹಾಸದ ಕಡೆಯಿಂದ ಎತ್ತಿಕೊಂಡೆ. ನನ್ನ ಮುಖ ನೋಡಿ, ಮಾತಿನ ಗತ್ತು ನೋಡಿ, ಯಾವ ಪರಂಪರೆಯವರು ಎಂದು ಹುಡುಗ ಕುತೂಹಲದಿಂದ ಕೇಳುತ್ತಿದ್ದಾನೆ ಅಂದುಕೊಂಡೆ.

“ಜೈನ್? ಅರೇ ಬೇಟಾ, ಹಮಾರಾ ಪೂರಾ ಕರ್ನಾಟಕ್ ಜೈನ್ ಕಾ ಹೈ!” ಎಂದು ಆರಂಭಿಸಿದೆ.

ಕನ್ನಡದ ಆದಿಕವಿ ಪಂಪ ಜೈನ, ಅವನು 941ರಲ್ಲಿ ‘ಆದಿಪುರಾಣ’ ಬರೆದ, ಅವನ ತಾಯಿಯ ಕಡೆಯವರು ನಮ್ಮ ಧಾರವಾಡ ಜಿಲ್ಲೆಯ ಅಣ್ಣಿಗೇರಿಯವರು, ಅಂದರೆ ನನಗೆ ಹೆಚ್ಚು ಕಡಿಮೆ ಪಕ್ಕದ ಮನೆಯವನು. ರನ್ನ ಜೈನ, ಪೊನ್ನ ಜೈನ. ಶ್ರವಣಬೆಳಗೊಳದ ಗೊಮ್ಮಟ 58 ಅಡಿ, ಏಕಶಿಲೆ, ಗಂಗರ ಮಂತ್ರಿ ಚಾವುಂಡರಾಯ ನಿಲ್ಲಿಸಿದ್ದು, ಸುಮಾರು 981. ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ. 2018ರಲ್ಲಿ ನಾನು ಖುದ್ದು ಹೋಗಿದ್ದೆ. ‘ಊಪರ್ ಸೇ ದೂಧ್, ಹಲ್ದಿ, ಚಂದನ್, ಸಬ್ ಗಿರ್ತಾ ಹೈ, ಹಮ್ ನೀಚೇ ಸೇ ದೇಖತಾ ಹೈ!’ ಹಿಂದಿಯಲ್ಲಿ ನನಗೆ ಲಿಂಗಭೇದವಿಲ್ಲ. ಗೊಮ್ಮಟ ಸ್ತ್ರೀಲಿಂಗವಾಗಿಯೂ ಅಭಿಷೇಕ ಪುಲ್ಲಿಂಗವಾಗಿಯೂ ಹೊರಬಂದವು. ಹುಡುಗ ಅಡ್ಡ ಮಾತಾಡಲಿಲ್ಲ. ನಾನು ಹೇಳುತ್ತಿದ್ದಂತೆ ಚೀಟಿಯ ಮೇಲೆ ಮೇಲಿನಿಂದ ಕೆಳಗಿನ ತನಕ ಏನೋ ಬರೆದುಕೊಂಡ. ಮೂವತ್ತಾರು ವರ್ಷದ ನೌಕರಿಯಲ್ಲಿ ನನ್ನ ಮಾತನ್ನು ಯಾರೂ ಬರೆದುಕೊಂಡಿರಲಿಲ್ಲ. ಕಣ್ಣು ತುಂಬಿತು.

ಕೊನೆಗೆ ಅವನು ಕೈಮುಗಿದು, “ಜೈ ಜಿನೇಂದ್ರ, ಕಾಕಾ,” ಅಂದ.

“ಜೈ ಜಿನೇಂದ್ರ!” ಎಂದೆ ನಾನೂ. ಊರಿಗೆ ಬಂದವರು ಊರಿನ ನಮಸ್ಕಾರ ಮಾಡಬೇಕಲ್ಲ.

“ಎಷ್ಟ್ ಸಂಸ್ಕಾರದ ಹುಡುಗ ನೋಡಿದೇನು?” ಎಂದೆ ನನ್ನಾಕೆಗೆ.

“ಅವ ಕೇಳಿದ್ದೇನು, ನೀವು ಹೇಳಿದ್ದೇನು?” ಎಂದಳು. ಅವಳಿಗೆ ಹಿಂದಿ ಅಷ್ಟಾಗಿ ಬರುವುದಿಲ್ಲ ಎಂದು ನಾನು ಆ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮೊದಲು ನಾಚೋಸ್ ಬಂತು. ಅದು ಬರುವಷ್ಟರಲ್ಲಿ ಅದರ ಚರಿತ್ರೆಯನ್ನು ಹೇಳಿ ಮುಗಿಸಿದ್ದೆ. 1943ರ ಸುಮಾರಿಗೆ ಮೆಕ್ಸಿಕೋದ ಗಡಿಯೂರು ಪಿಯೆಡ್ರಾಸ್ ನೆಗ್ರಾಸ್‌ನಲ್ಲಿ ಗಡಿಯಾಚೆಯಿಂದ ಅಮೆರಿಕದ ಸೈನಿಕರ ಹೆಂಡಂದಿರು ಹೊತ್ತಲ್ಲದ ಹೊತ್ತಿನಲ್ಲಿ ಹೋಟೆಲಿಗೆ ಬಂದರು, ಅಡುಗೆಯವನು ಇರಲಿಲ್ಲ, ಅಲ್ಲಿದ್ದ ಇಗ್ನಾಸಿಯೋ ಅನಾಯಾ ಎಂಬಾತ ಕೈಗೆ ಸಿಕ್ಕ ಟೋರ್ಟಿಯಾ ಚೂರುಗಳ ಮೇಲೆ ಚೀಸು, ಮೆಣಸಿನಕಾಯಿ ಹಾಕಿ ಬಿಸಿ ಮಾಡಿ ಕೊಟ್ಟ. ಇಗ್ನಾಸಿಯೋಗೆ ಮನೆಯಲ್ಲಿ ಕರೆಯುವ ಹೆಸರು ನಾಚೋ.

“ಅಂದ್ರ ಮನ್ಯಾಗ ಏನೂ ಇಲ್ದಾಗ ಬೀಗರು ಬಂದ್ರ ಮಾಡೂದು,” ಎಂದಳು ನನ್ನಾಕೆ. “ಅದಕ್ಕ ನಾವು ಒಗ್ಗರಣಿ ಅವಲಕ್ಕಿ ಅಂತೀವಿ. ರೊಕ್ಕ ತಗೊಳ್ಳೂದಿಲ್ಲ.”

ಒಂದು ಚೂರನ್ನು ಸಾಲ್ಸಾದಲ್ಲಿ ಅದ್ದಿ, ಕಣ್ಣು ಮುಚ್ಚಿ, ಒಂದು ಕೈಯಲ್ಲಿ ನೀರಿನ ಲೋಟ ಹಿಡಿದು, 8,000 ಸ್ಕೋವಿಲ್‌ಗೆ ಮೈಯೊಡ್ಡಿ ಬಾಯಿಗಿಟ್ಟೆ. ಏನೂ ಆಗಲಿಲ್ಲ. ಕಣ್ಣು ತೆರೆದೆ. ಟೊಮೇಟೊ ಇತ್ತು, ಕೊತ್ತಂಬರಿ ಇತ್ತು, ನಿಂಬೆ ಹನಿ ಇತ್ತು. ಅವುಗಳ ನಡುವೆ ಏನೋ ಒಂದು ಇರಲಿಲ್ಲ. ನಾಲಿಗೆ ಕತ್ತಲೆ ಕೋಣೆಯಲ್ಲಿ ಸ್ವಿಚ್ಚು ಹುಡುಕುವವನಂತೆ ತಡಕಾಡಿತು.

ಗ್ವಾಕಮೋಲೆ ಬಂತು. ಮೊಮ್ಮಗ ಬೆರಳಲ್ಲಿ ಮುಟ್ಟಿ ನೋಡಿದ. ಅದು ಬೆಣ್ಣೆಹಣ್ಣು, ನಮ್ಮ ಕೊಡಗಿನಲ್ಲಿ ಬೆಳೆಯುತ್ತದೆ ಎಂದೆ.

“ಬೆಣ್ಣಿಹಣ್ಣಿಗೆ ಹಾಲು ಸಕ್ರಿ ಹಾಕಿ ಜ್ಯೂಸ್ ಮಾಡ್ತಾರಲ್ರಿ ಬೆಂಗಳೂರಾಗ. ಇವರು ಉಪ್ಪು ಹಾಕಿ ಕೆಡಿಸ್ಯಾರ.” ಉಪ್ಪಿನಿಂದ ಅದು ಕೆಟ್ಟಿರಲಿಲ್ಲ. ಉಪ್ಪೊಂದರಿಂದಲೇ ಅದು ಸುಧಾರಿಸಿಯೂ ಇರಲಿಲ್ಲ.

ಬುರಿಟೋ ಬಂತು. ಹತ್ತಿರದಿಂದ ನೋಡಿದರೆ ದೊಡ್ಡ ಚಪಾತಿಯಲ್ಲಿ ಸುತ್ತಿ ಮಲಗಿಸಿದ ಕೂಸು. ಬುರಿಟೋ ಅಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಕತ್ತೆಮರಿ ಎಂದು ತಿಳಿಸಿದೆ.

“ತಿನಿಸಿಗೆ ಇಟ್ಟ ಹೆಸರೋ, ತಿನ್ನೋರಿಗೆ ಇಟ್ಟಿದ್ದೋ?”

ಬಿಚ್ಚಿ ನೋಡಿದೆ. ಒಳಗೆ ರಾಜ್ಮಾ, ಅನ್ನ, ಗೋವಿನಜೋಳದ ಕಾಳು, ಚೀಸು. ಜೊತೆಗೆ ಮೆತ್ತಗಿನ, ಬಿಳಿಯ, ಪರಿಚಿತವಾದ ಒಂದು ಹೋಳು. ಅಗಿದು ನೋಡಿದೆ. ಬಾಳೆಕಾಯಿ! ನೋಟ್‌ಬುಕ್ ತೆಗೆದು ಹಾಳೆ ತಿರುವಿದೆ. ಬುರಿಟೋದಲ್ಲಿ ಬಾಳೆಕಾಯಿಯ ಮಾತು ಎಲ್ಲಿಯೂ ಇರಲಿಲ್ಲ.

“ಶ್ರಾದ್ಧದ ಅಡಗಿ ಹಂಗ ಅದ ನೋಡ್ರಿ,” ಎಂದಳು ನನ್ನಾಕೆ. ಅವಳ ನಾಲಿಗೆ ರೋಗವನ್ನು ಅಲ್ಲೇ ಹಿಡಿದಿತ್ತು. ನಾನು ಕೇಳಿಸಿಕೊಳ್ಳಬೇಕಿತ್ತು.

ಅಕ್ಕಪಕ್ಕದ ಮೇಜಿನವರು ಮಾತ್ರ ಅದೇ ಬುರಿಟೋವನ್ನು ಸಂತೋಷದಿಂದ ತಿನ್ನುತ್ತಿದ್ದರು. ಒಬ್ಬ ಚಿಕ್ಕ ಹುಡುಗಿಯಂತೂ ಸಾಲ್ಸಾದ ಬಟ್ಟಲನ್ನೇ ನೆಕ್ಕುತ್ತಿದ್ದಳು. ಅವರು ಕೇಳಿದ್ದು ಅವರಿಗೆ ಬಂದಿತ್ತು. ನನಗೆ ಆ ಯೋಚನೆ ಹೊಳೆಯಲಿಲ್ಲ.

ಈ ಹೊತ್ತಿಗೆ ನನ್ನಾಕೆ ಪರ್ಸಿನಿಂದ ಒಂದು ಡಬ್ಬಿ ತೆಗೆದಳು. ಧಾರವಾಡದ ಹೆಣ್ಣುಮಗಳು ಎಲ್ಲಿಗೇ ಹೋಗಲಿ, ಆಧಾರ್ ಕಾರ್ಡು ಮರೆತಾಳು, ಶೇಂಗಾ ಚಟ್ನಿಪುಡಿಯ ಡಬ್ಬಿ ಮರೆಯುವುದಿಲ್ಲ. ಹುರಿದ ಶೇಂಗಾ, ಬ್ಯಾಡಗಿ ಖಾರ, ಬಳ್ಳೊಳ್ಳಿ ಹಾಕಿ ಒರಳಿನಲ್ಲಿ ಕುಟ್ಟಿದ್ದು. ಮುಚ್ಚಳ ತೆಗೆದದ್ದೇ ತಡ, ಬಳ್ಳೊಳ್ಳಿಯ ವಾಸನೆ ನಾಲ್ಕು ಮೇಜಿಗೆ ಹಬ್ಬಿತು. ಮೊಮ್ಮಗ ಫೋನು ಕೆಳಗಿಟ್ಟ. ಕೆಸಡಿಯಾದ ಮೇಲೆ ಎರಡು ಚಮಚ ಸುರಿದುಕೊಂಡು ತಿಂದೆವು. ಅಂದಿನ ಮೊದಲ ರುಚಿಯ ತುತ್ತು ಅದೇ.

ಮೆಣಸಿನಕಾಯಿ ಹುಟ್ಟಿದ್ದೇ ಮೆಕ್ಸಿಕೋ ಕಡೆ, ಪೋರ್ಚುಗೀಸರ ಹಡಗು ಹತ್ತಿ ಗೋವಾಕ್ಕೆ ಬಂದು ಅಲ್ಲಿಂದ ನಮ್ಮ ಘಟ್ಟ ಏರಿತು, ಟೊಮೇಟೊ, ಗೋವಿನಜೋಳ, ರಾಜ್ಮಾ ಎಲ್ಲ ಆ ಸೀಮೆಯವೇ ಎಂದು ನಾನು ಬಾಯಲ್ಲಿ ತುತ್ತಿಟ್ಟುಕೊಂಡೇ ವಿವರಿಸಿದೆ.

“ಅಂದ್ರ ಈ ಟೇಬಲ್ ಮ್ಯಾಲ ಖರೇ ಮೆಕ್ಸಿಕನ್ ನನ್ನ ಡಬ್ಬಿ ಒಂದೇ,” ಎಂದು ಅವಳು ಮುಚ್ಚಳ ಹಾಕಿದಳು.

ಆಗ ಹುಡುಗ ನೀರು ತಂದ. ಮೂಗರಳಿಸಿದ. ಡಬ್ಬಿ ನೋಡಿದ, ನನ್ನನ್ನು ನೋಡಿದ. “ಕಾಕಾ, ಯೇ... ಲಹಸುನ್ ಹೈ ಕ್ಯಾ?” ಎಂದ. ಅವನ ದನಿ ಇಳಿದಿತ್ತು. ದೇವಸ್ಥಾನದ ಗರ್ಭಗುಡಿಯಲ್ಲಿ ಪೂಜಾರಿ ಬೀಡಿ ಸೇದುವುದನ್ನು ಕಂಡವನ ಮುಖ.

ಪಾಪ, ಆಸೆಯಾಗಿದೆ ಅಂದುಕೊಂಡೆ. “ಹಾಂ ಹಾಂ, ಲಹಸುನ್! ಏಕದಂ ಬಢಿಯಾ! ತುಮ್ ಭೀ ಲೇವೋ!” ಎಂದು ಅವನ ಅಂಗೈಗೇ ಒಂದು ಚಮಚ ಸುರಿಯಹೋದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ನಮ್ಮ ಮೇಜಿಗೆ ಅವನು ಬರಲಿಲ್ಲ, ಬೇರೆಯವನನ್ನು ಕಳಿಸಿದ. ಮೆಕ್ಸಿಕನ್ ಹೋಟೆಲಿನ ಹುಡುಗರಿಗೆ ಖಾರ ತಡೆಯುವುದಿಲ್ಲ ಎಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡೆ.

ಮಗಳು ಅಳಿಯ ಬಂದಾಗ ನನ್ನ ಕೋಪ ಹದಕ್ಕೆ ಬಂದಿತ್ತು. ಅಳಿಯಂದಿರು ಒಂದು ತುತ್ತು ಬಾಯಿಗಿಟ್ಟರು, ನನ್ನಾಕೆಯ ಕಡೆ ಒಮ್ಮೆ ನೋಡಿದರು, ತಲೆ ತಗ್ಗಿಸಿ ತಿನ್ನತೊಡಗಿದರು. ಮಗಳು ಏನೋ ಕೇಳಹೋದಳು. ಅವರು ಮೇಜಿನ ಕೆಳಗೆ ಕಾಲು ತುಳಿದಿರಬೇಕು, ಸುಮ್ಮನಾದಳು. ಮಾವನ ದುಡ್ಡಿನ ಊಟಕ್ಕೆ ಅಳಿಯ ಹೆಸರಿಡಲಿಲ್ಲ, ಇದಕ್ಕೆ ಅನ್ನುವುದು ಮನೆತನ ಎಂದು ಒಳಗೊಳಗೇ ಮೆಚ್ಚಿಕೊಂಡೆ.

ಬಿಲ್ಲಿನ ಜೊತೆಗೆ ಅಭಿಪ್ರಾಯ ಬರೆಯುವ ಚೀಟಿ ಬಂತು. ಇಂಥ ಚೀಟಿಗಾಗಿಯೇ ನಾನು ಹುಟ್ಟಿದವನು. ಅಂಚಿನ ತನಕ ತುಂಬಿದೆ. ‘ಅಡುಗೆಯಲ್ಲಿ ಘಾಟಿಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿಯ ಉಳಿತಾಯ ಕಣ್ಣಿಗೆ ಕಾಣುತ್ತದೆ. ಗಿರಾಕಿಗೆ ಹೀಗೆ ಮೋಸ ಮಾಡುವುದು ತರವಲ್ಲ. ಈ ಊಟಕ್ಕೂ ಮೆಕ್ಸಿಕೋ ದೇಶಕ್ಕೂ ಯಾವ ಸಂಬಂಧವೂ ಇಲ್ಲ.’ ಇಂಗ್ಲಿಷಿನಲ್ಲಿ ಬರೆದೆ, ಯಾರಿಗೂ ಅರ್ಥವಾಗದೆ ಹೋಗಬಾರದೆಂದು ಕೆಳಗೆ ಹಿಂದಿಯಲ್ಲೂ ಬರೆದೆ. ಪೂರ್ಣ ಹೆಸರು, ಸಹಿ, ‘ನಿವೃತ್ತ ಶಾಖಾ ವ್ಯವಸ್ಥಾಪಕ’, ಊರು, ದಿನಾಂಕ. ಮೊಹರು ಒಂದು ಇರಲಿಲ್ಲ.

ಬಿಲ್ಲನ್ನು ಹಳೆಯ ಅಭ್ಯಾಸದಂತೆ ಮೂರು ಸಲ ಕೂಡಿಸಿ ನೋಡಿದೆ. ಮೊತ್ತ ಸರಿ ಇತ್ತು. ಪ್ರತಿ ತಿನಿಸಿನ ಹೆಸರಿನ ಮುಂದೆ ಆವರಣದಲ್ಲಿ ಒಂದು ‘ಜೆ’ ಅಕ್ಷರ ಅಚ್ಚಾಗಿತ್ತು. ಜಿಎಸ್‌ಟಿಯ ‘ಜಿ’ ಕೈತಪ್ಪಿ ‘ಜೆ’ ಆಗಿದೆ, ಅಡುಗೆಯಂತೆಯೇ ಅಚ್ಚೂ ಇವರಿಗೆ ಬರುವುದಿಲ್ಲ ಎಂದು ತೀರ್ಮಾನಿಸಿ ಬಿಲ್ಲನ್ನು ಕಿಸೆಗೆ ಹಾಕಿಕೊಂಡೆ.

ಮನೆಗೆ ಬಂದು ಎಲ್ಲರೂ ಮೊಸರನ್ನ ಕಲಸಿಕೊಂಡು ಕೂತೆವು. ಹೊರಗೆ ಉಂಡು ಬಂದ ಐವರು ಮನೆಯಲ್ಲಿ ಮತ್ತೆ ಉಣ್ಣುವುದಕ್ಕಿಂತ ದೊಡ್ಡ ಅಭಿಪ್ರಾಯ ಯಾವ ಚೀಟಿಯಲ್ಲಿದೆ? ಆಗ ಅಳಿಯಂದಿರು ಮೆಲ್ಲಗೆ ಬಾಯಿ ಬಿಟ್ಟರು.

“ಅತ್ತೀ, ನಿಮ್ಮದು ಇವತ್ತು ಏನ್ ವ್ರತ ಇತ್ರಿ?”

“ನಂದ್ಯಾವ ವ್ರತ ಅಪ್ಪಾ? ಏನಿಲ್ಲಲ್ಲ.”

“ಅಲ್ರಿ, ಮತ್ತ ಎಲ್ಲಾನೂ ಜೈನ್ ಆರ್ಡರ್ ಮಾಡಿದ್ರಲ್ಲ, ಅದಕ್ಕ ಕೇಳಿದೆ. ಅತ್ತೀದು ಏನರೆ ನೇಮ ಇರಬೇಕು ಅಂತ ನಾ ಅಲ್ಲೆ ಸುಮ್ಮನ ಕೂತೆ.”

ಮನೆಯಲ್ಲಿ ಫ್ಯಾನಿನ ಸದ್ದು ಕೇಳತೊಡಗಿತು. ಘಾಟ್ಕೋಪರಿನ ಹೋಟೆಲುಗಳಲ್ಲಿ ಯಾವ ತಿನಿಸಿಗೂ ಎರಡು ಬಗೆ ಎಂದು ಅಳಿಯಂದಿರು ತಿಳಿಸಿಕೊಟ್ಟರು. ರೆಗ್ಯುಲರ್ ಒಂದು, ಜೈನ್ ಒಂದು. ಜೈನ್ ಅಂದರೆ ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ, ಬಟಾಟಿ, ಗಜ್ಜರಿ, ಮೂಲಂಗಿ, ಹೀಗೆ ನೆಲದೊಳಗೆ ಬೆಳೆಯುವ ಗಡ್ಡೆ ಯಾವುದೂ ಇಲ್ಲ. ಪಾವ್‌ಭಾಜಿಯಾಗಲಿ ಬುರಿಟೋ ಆಗಲಿ, ಬಟಾಟಿ ಇರುವ ಜಾಗಕ್ಕೆ ಬಾಳೆಕಾಯಿ. ನೇಮದವರಿಗೆಂದೇ ಇಷ್ಟು ನಿಷ್ಠೆಯಿಂದ ಮಾಡಿಕೊಡುತ್ತಾರೆ. ತಪ್ಪಿಯೂ ಒಂದು ಎಸಳು ಬೀಳುವುದಿಲ್ಲ. ಆರ್ಡರ್ ಮಾಡುವಾಗ ಅವರು ಕೇಳಿಯೇ ಕೇಳುತ್ತಾರೆ.

“ಕೇಳಿದ್ದ! ‘ಜೈನ್, ಕಾಕಾ?’ ಅಂತ ಕೇಳಿದ್ದ!” ಎಂದು ಮೊಮ್ಮಗ ಚಮಚ ಎತ್ತಿ ಸಾಕ್ಷಿ ನುಡಿದ. ಆಟದಲ್ಲಿ ಮುಳುಗಿದ ಮಕ್ಕಳಿಗೆ ಕಿವಿ ಇರುವುದಿಲ್ಲ ಎಂದು ಯಾರು ಹೇಳಿದರೋ. “ಅಜ್ಜ ‘ಪೂರಾ ಕರ್ನಾಟಕ್ ಜೈನ್ ಹೈ’ ಅಂದ್ರು.”

ಕಿಸೆಯಿಂದ ಬಿಲ್ಲು ತೆಗೆದೆ. ಐದು ತಿನಿಸು, ಐದು ‘ಜೆ’. ಮೂವತ್ತಾರು ವರ್ಷ ವೋಚರುಗಳಲ್ಲಿ ಇರುವೆಯಂಥ ತಪ್ಪನ್ನೂ ಹೆಕ್ಕಿ ತೆಗೆದ ಕಣ್ಣು ಇವೇ. ಕೈಮುಗಿದ ಹುಡುಗ ನೆನಪಾದ. ಅವನ ಬೆಪ್ಪಾದ ಮುಖ ನೆನಪಾಯಿತು. ಗೊಮ್ಮಟನ ಮಹಿಮೆಯನ್ನು ಐದು ನಿಮಿಷ ಹಾಡಿದ ಹಿರಿಯ ಶ್ರಾವಕರೊಬ್ಬರು ಅರ್ಧ ಗಂಟೆಯೊಳಗೆ ಬಳ್ಳೊಳ್ಳಿಯ ಡಬ್ಬಿ ಬಿಚ್ಚಿ ಕೂತು, ‘ನೀನೂ ತಿನ್ನು’ ಎಂದು ಅಂಗೈಗೆ ಸುರಿಯಬಂದರೆ ಆ ಹುಡುಗನ ಗತಿ ಏನಾಗಬೇಡ? ಅದು ಸಾಲದೆಂಬಂತೆ, ಉಳ್ಳಾಗಡ್ಡಿ ಹಾಕದೆ ಮೋಸ ಮಾಡಿದಿರಿ ಎಂದು ಎರಡು ಭಾಷೆಯಲ್ಲಿ ಬರೆದು ಸಹಿ ಹಾಕಿ ಕೊಟ್ಟು ಬಂದಿದ್ದೆ.

ನನ್ನಾಕೆ ಮೊಸರನ್ನ ಮುಗಿಸಿ, ತಾಟು ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೇಳಿದಳು: “ಅವ ಕೇಳಿದ್ದು ಒಂದ ಶಬ್ದ. ಇವರು ಹೇಳಿದ್ದು ಆದಿಪುರಾಣ. ಪುರಾಣ ಹೇಳಿದೋರಿಗೆ ಪುರಾಣದ ಊಟ ಹಾಕ್ಯಾರ, ಅವರದೇನ್ ತಪ್ಪು?”

ಮರುದಿನ ಅಳಿಯಂದಿರು, “ಮಾವಾರ, ಇನ್ನೊಮ್ಮೆ ಹೋಗೂಣ್ರಿ, ಈ ಸಲ ರೆಗ್ಯುಲರ್,” ಎಂದು ಕರೆದರು. ಹೋಗುವ ಮುಖ ನನಗಿರಲಿಲ್ಲ. ಹೆಸರು, ಹುದ್ದೆ, ಊರು ಸಮೇತ ಅಲ್ಲಿ ದಾಖಲಾಗಿದ್ದೆ. ಉಳಿದ ದಿನ ಆ ಹೋಟೆಲಿನ ಎದುರಿನ ರಸ್ತೆಯ ಆಚೆ ಬದಿಯಿಂದ, ಕೊಡೆ ಅಡ್ಡ ಹಿಡಿದು ಓಡಾಡಿದೆ. ಡಿಸೆಂಬರಿನಲ್ಲಿ ಮುಂಬೈಯಲ್ಲಿ ಕೊಡೆ ಹಿಡಿದವನು ನಾನೊಬ್ಬನೇ ಇರಬೇಕು. ಮೂರನೆಯ ಸಂಜೆ ಮೊಮ್ಮಗ ಖಾವು ಗಲ್ಲಿಗೆ ಕರೆದುಕೊಂಡು ಹೋಗಿ ಜಿನಿ ಡೋಸಾ ಕೊಡಿಸಿದ. ಆರ್ಡರ್ ಅವನೇ ಕೊಟ್ಟ. ದೋಸೆಯವನು ಏನೋ ಕೇಳಿದ; ಹುಡುಗ ಒಂದೇ ಶಬ್ದದಲ್ಲಿ ಉತ್ತರಿಸಿದ. ವಿದ್ಯೆ ಅಷ್ಟೇ ಇತ್ತು.

ಧಾರವಾಡಕ್ಕೆ ಮರಳಿದ ಮೇಲೆ ಮೈದಾನದಲ್ಲಿ ಡಲ್ಲಾಸ್ ರಾಯರು ಎದುರಾದರು. “ಹೆಂಗಿತ್ರಿ ಮೆಕ್ಸಿಕನ್?” ಎಂದರು.

“ಎಂಥಾ ಘಾಟು ಅಂತೀರಿ! ಎರಡು ಪಟ್ಟಿ ಗುಳಿಗಿ ಖರ್ಚಾದ್ವು,” ಎಂದೆ.

ರಾಯರು ನಿಂತರು. ಎರಡೂ ಕೈ ಜೋಡಿಸಿದರು. “ಜೈ ಜಿನೇಂದ್ರ,” ಅಂದರು. ಹಿಂದೆ ಬರುತ್ತಿದ್ದ ಬಳಗವೆಲ್ಲ ಒಂದೇ ದನಿಯಲ್ಲಿ ಜೈ ಜಿನೇಂದ್ರ ಅಂದಿತು. ನನ್ನಾಕೆಗೂ ರಾಯರ ಮನೆಯವರಿಗೂ ಸಂಜೆಯ ಭಜನೆಯಲ್ಲಿ ಪಕ್ಕಪಕ್ಕದ ಚಾಪೆ ಎಂಬುದನ್ನು ನಾನು ಮರೆತಿದ್ದೆ. ಆ ದಿನದಿಂದ ಬಳಗದಲ್ಲಿ ನನಗೂ ಒಂದು ಬಿರುದಾಯಿತು: ಆದಿಪುರಾಣ ರಾಯರು. “ಟೈಮ್ ಎಷ್ಟಾತ್ರಿ?” ಎಂದು ನನ್ನನ್ನು ಯಾರಾದರೂ ಕೇಳಿದರೆ, “ಅವರನ್ಯಾಕ ಕೇಳ್ತೀರಿ, ಗಡಿಯಾರ ಕಂಡುಹಿಡದಲ್ಲಿಂದ ಶುರು ಮಾಡ್ತಾರ,” ಎಂದು ಉಳಿದವರು ತಡೆಯುತ್ತಾರೆ.

ಮನೆಯಲ್ಲಿ ಶಿಕ್ಷೆ ಇನ್ನೂ ಸರಳ. ಮಧ್ಯಾಹ್ನ ತಾಟು ಹಾಕಿ, ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸಿ, ಕೈಯಲ್ಲಿ ಉಳ್ಳಾಗಡ್ಡಿ ಹಿಡಿದು ನನ್ನಾಕೆ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಾಳೆ.

“ರೆಗ್ಯುಲರ್ರೋ, ಜೈನೋ?”

ಉಳ್ಳಾಗಡ್ಡಿಯ ಮೂಲ ಮಧ್ಯ ಏಷ್ಯಾದ ಕಡೆ ಇರಬಹುದೆಂದು ಪಂಡಿತರು ಹೇಳುತ್ತಾರೆ. ಅದರ ಮೇಲೆ ಹೇಳುವುದಕ್ಕೆ ನನ್ನ ನೋಟ್‌ಬುಕ್ಕಿನಲ್ಲಿ ಎರಡು ಪುಟ ಇವೆ. ನುಂಗಿಕೊಳ್ಳುತ್ತೇನೆ.

“ರೆಗ್ಯುಲರ್,” ಅನ್ನುತ್ತೇನೆ.

ಉಳ್ಳಾಗಡ್ಡಿ ತಾಟಿಗೆ ಬೀಳುತ್ತದೆ.